ಬಳಗಕ್ಕಾಗಿ ನುಡಿದ ಹುಸಿ: ಮಕ್ಕಳ ನೈತಿಕ ವಿವೇಚನೆಯ ಅಧ್ಯಯನದ ಇತಿಹಾಸ

ಹುಸಿಯನ್ನಾಡಬಾರದೆಂಬುದು ಲೋಕದ ಎಲ್ಲ ಧರ್ಮಗಳೂ ಒಮ್ಮತದಿಂದ ವಿಧಿಸಿರುವ ನಿಯಮ. ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಗೆಂದು ಎಣಿಸಿದ ನಿಷೇಧಗಳಲ್ಲಿ ಕಳವು, ಕೊಲೆಗಳ ಬೆನ್ನಿಗೇ ಹುಸಿಯ ನಿಷೇಧ ಬರುತ್ತದೆ. ಶರಣರ ದೃಷ್ಟಿಯಲ್ಲಿ ನುಡಿಯ ದೋಷವು ನಡೆಯ ದೋಷಕ್ಕಿಂತ ಕಿರಿದಾಗಿರಲಿಲ್ಲವೆಂಬುದಕ್ಕೆ ಈ ಅನುಕ್ರಮವೇ ಸಾಕ್ಷಿಯೆನ್ನಬಹುದು. ಆದರೆ ಹುಸಿಗಳೆಲ್ಲ ಒಂದೇ ಬಗೆಯವಲ್ಲ. ತನ್ನ ಲಾಭಕ್ಕಾಗಿ ಆಡಿದ ಹುಸಿಯು ಹೇಯವೆಂಬುದನ್ನು ಆಡಿದವನೇ ಒಳಗೊಳಗೆ ಬಲ್ಲನು. ತನ್ನವರ ಮಾನವುಳಿಸಲೆಂದು, ಎಂದರೆ ಮನೆತನ, ಗೆಳೆಯರು, ತರಗತಿ, ಊರು, ಪಕ್ಷ, ಪಡೆಗಳಿಗಾಗಿ ಆಡುವ ಹುಸಿಯ ಸ್ವರೂಪ ಬೇರೆ. ಅದು ನಿಷ್ಠೆಯೆಂಬ ಸದ್ಗುಣದ ವೇಷ ತೊಟ್ಟು ಬರುತ್ತದೆ. ಆಡಿದವನು ತಾನೊಂದು ತ್ಯಾಗ ಮಾಡಿದೆನೆಂದೇ ಭಾವಿಸುತ್ತಾನೆ. ಬಳಗವೂ ಅವನನ್ನು ಮೆಚ್ಚಿಕೊಳ್ಳುತ್ತದೆ.

ಇಂಥ ಹುಸಿಯನ್ನು ಮಕ್ಕಳು ಹೇಗೆ ತೂಗುತ್ತಾರೆ? ಎಳೆಯ ಮನಸ್ಸಿನಲ್ಲಿ ಸತ್ಯಕ್ಕೂ ಬಳಗನಿಷ್ಠೆಗೂ ತಿಕ್ಕಾಟ ಬಿದ್ದಾಗ ಯಾವುದು ಗೆಲ್ಲುತ್ತದೆ, ವಯಸ್ಸು ಏರಿದಂತೆ ಆ ತೂಕ ಹೇಗೆ ವ್ಯತ್ಯಾಸವಾಗುತ್ತದೆ? ಈ ಪ್ರಶ್ನೆಗಳಿಗೆ 130 ವರ್ಷಗಳಿಗೂ ಮೀರಿದ ಅಧ್ಯಯನದ ಇತಿಹಾಸವಿದೆ. ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸುತ್ತ ಬಂದಿರುವ ಧಾರ್ಮಿಕ ಸಂಸ್ಥೆಗಳಿಗೆ ಇದು ಕೇವಲ ಶಾಸ್ತ್ರಜಿಜ್ಞಾಸೆಯಲ್ಲ. ನೂರಾರು ಮಕ್ಕಳು ಒಂದೇ ಸೂರಿನಡಿ ಉಂಡು ಮಲಗಿ ಬೆಳೆಯುವಲ್ಲಿ ಒಬ್ಬನು ತಪ್ಪೆಸಗಿದಾಗ ಉಳಿದವರು ಬಾಯಿ ಬಿಡದೆ ನಿಲ್ಲುವುದು ನಿತ್ಯದ ಅನುಭವ. ಆ ಮೌನದ ಅರ್ಥವನ್ನು ತಿಳಿಯದೆ ಅದನ್ನು ಮುರಿಯಹೊರಟರೆ ಸತ್ಯಕ್ಕೂ ಹಾನಿ, ಮಗುವಿಗೂ ಹಾನಿ.

ಪ್ರಾಚೀನರ ಇಕ್ಕಟ್ಟು

ಈ ಇಕ್ಕಟ್ಟು ಮನುಕುಲದಷ್ಟೇ ಹಳೆಯದು. ಭಾರತ ಯುದ್ಧದ ಹದಿನೈದನೆಯ ದಿನ ದ್ರೋಣರನ್ನು ಶಸ್ತ್ರತ್ಯಾಗ ಮಾಡಿಸಲೆಂದು ಪಾಂಡವರ ಪಕ್ಷ ಅಶ್ವತ್ಥಾಮನ ಸಾವಿನ ಸುದ್ದಿಯನ್ನು ಹಬ್ಬಿಸಿತು. ದ್ರೋಣರು ಅದನ್ನು ನಂಬಿದುದು ಧರ್ಮರಾಯನ ಬಾಯಿಂದ ಬಂದಾಗ ಮಾತ್ರ. ಧರ್ಮರಾಯನು ತನಗಾಗಿ ಹುಸಿ ನುಡಿಯಲಿಲ್ಲ. ತನ್ನ ಪಡೆ ಉಳಿಯಲೆಂದು ನುಡಿದನು. ಆದರೂ ನೆಲಕ್ಕೆ ತಾಗದೆ ಸಾಗುತ್ತಿದ್ದ ಅವನ ರಥದ ಗಾಲಿಗಳು ಅಂದು ನೆಲಕ್ಕಿಳಿದುವೆಂದೂ, ಕೊನೆಗೆ ಅವನಿಗೂ ನರಕದರ್ಶನ ತಪ್ಪಲಿಲ್ಲವೆಂದೂ ಕಥೆ ಹೇಳುತ್ತದೆ. ವ್ಯಾಸರು ಅವನನ್ನು ಧರ್ಮಜನೆಂದು ಕರೆಯುವುದನ್ನು ಬಿಡಲಿಲ್ಲ, ಆ ನುಡಿಯನ್ನು ಮನ್ನಿಸಲೂ ಇಲ್ಲ.

ಚೀನದ ತತ್ತ್ವಜ್ಞಾನಿ ಕನ್‌ಫ್ಯೂಷಿಯಸ್ಸನ ಸಂವಾದಗಳ ಸಂಗ್ರಹದ 13ನೆಯ ಭಾಗದಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಸಂಗವೊಂದಿದೆ. ಒಬ್ಬ ಅಧಿಪತಿಯು ತನ್ನ ನಾಡಿನ ಜನರ ನೇರನಡೆಯನ್ನು ಹೊಗಳುತ್ತ, ಕುರಿ ಕದ್ದ ತಂದೆಯ ವಿರುದ್ಧ ಮಗನೇ ಸಾಕ್ಷಿ ನುಡಿದ ಸಂಗತಿಯನ್ನು ಹೇಳುತ್ತಾನೆ. ಕನ್‌ಫ್ಯೂಷಿಯಸ್ ಅದನ್ನು ಒಪ್ಪುವುದಿಲ್ಲ. ತನ್ನ ನಾಡಿನಲ್ಲಿ ತಂದೆಯ ತಪ್ಪನ್ನು ಮಗನೂ ಮಗನ ತಪ್ಪನ್ನು ತಂದೆಯೂ ಮರೆಮಾಡುವರೆಂದೂ, ನೇರನಡೆ ಇರುವುದು ಅದರಲ್ಲಿಯೇ ಎಂದೂ ಉತ್ತರಿಸುತ್ತಾನೆ. ಈ ಮಾತಿನ ಅರ್ಥವನ್ನು ಕುರಿತು ಚೀನೀ ವಿದ್ವಾಂಸರು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತಲೇ ಬಂದಿದ್ದಾರೆ.

ಕನ್ನಡದಲ್ಲಿ ಈ ಪ್ರಶ್ನೆಗೆ ಅತ್ಯಂತ ಕಠೋರವಾದ ಉತ್ತರ ಕೊಟ್ಟವನು ಹರಿಹರನ ಸೋದರಳಿಯನಾದ ರಾಘವಾಂಕ. ಅವನ ಹರಿಶ್ಚಂದ್ರನು ವೀರಬಾಹುಕನ ಆಳಾಗಿ ಸುಡುಗಾಡು ಕಾಯುವಾಗ, ಸತ್ತ ಮಗನನ್ನು ಹೊತ್ತು ಬಂದ ಹೆಂಡತಿಯಿಂದಲೂ ಸುಡುವ ತೆರೆಯನ್ನು ಕೇಳುತ್ತಾನೆ. ಹೊತ್ತ ಕೆಲಸಕ್ಕೂ ಕೊಟ್ಟ ನುಡಿಗೂ ತನ್ನವರೆಂಬ ಕಾರಣಕ್ಕೆ ವಿನಾಯಿತಿಯಿಲ್ಲವೆಂಬುದೇ ಆ ಕಾವ್ಯದ ನೆಲೆಗಟ್ಟು. ಸತ್ಯವನ್ನು ಶಿವನಿಗೆ ಸಮನಾಗಿ ಕಂಡ ವೀರಶೈವ ಕವಿಗೆ ಇದು ಸಹಜವೇ ಆಗಿತ್ತು.

ಶಾಲೆಯೆಂಬ ಹೊಸ ಬಳಗ

ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲಾಶಿಕ್ಷಣ ವ್ಯಾಪಕವಾದಂತೆ ಮಕ್ಕಳಿಗೆ ಮನೆಯ ಹೊರಗೊಂದು ಹೊಸ ಬಳಗ ಉಂಟಾಯಿತು. ಅದು ಸಹಪಾಠಿಗಳ ಬಳಗ. ಅದಕ್ಕೆ ತನ್ನದೇ ಆದ ಕಟ್ಟುಪಾಡುಗಳಿದ್ದುವು. ಗುರುಗಳ ಬಳಿ ಚಾಡಿ ಹೇಳಬಾರದೆಂಬುದು ಅವುಗಳಲ್ಲಿ ಮೊದಲನೆಯದು. ಇಂಗ್ಲೆಂಡಿನ ರಗ್ಬಿ ಶಾಲೆಯ ಜೀವನವನ್ನು ಚಿತ್ರಿಸುವ ಥಾಮಸ್ ಹ್ಯೂಸನ ಕಾದಂಬರಿ ‘ಟಾಮ್ ಬ್ರೌನ್’ 1857ರಲ್ಲಿ ಪ್ರಕಟವಾಯಿತು. ಆ ಶಾಲೆಯ ಹುಡುಗರ ಲೋಕದಲ್ಲಿ ಚಾಡಿಕೋರನಷ್ಟು ಹೀನನಾದವನು ಇನ್ನೊಬ್ಬನಿರಲಿಲ್ಲ.

ಅದೇ ರಗ್ಬಿಯಲ್ಲಿ 1828ರಿಂದ 1842ರವರೆಗೆ ಮುಖ್ಯೋಪಾಧ್ಯಾಯನಾಗಿದ್ದ ಥಾಮಸ್ ಆರ್ನಲ್ಡನು ಅನುಸರಿಸಿದ ಕ್ರಮ ಗಮನಾರ್ಹವಾದುದು. ಹುಡುಗರನ್ನು ಗುಮಾನಿಯಿಂದ ಕಾಣುವುದು, ಕೆದಕಿ ಕೆದಕಿ ಕೇಳುವುದು ಅವನಿಗೆ ಒಗ್ಗದ ಕೆಲಸ. ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿದುದನ್ನು ಅವನು ಮರುಪ್ರಶ್ನೆಯಿಲ್ಲದೆ ನಂಬುತ್ತಿದ್ದನು. ಅವನ ಶಿಷ್ಯನಾದ ಸ್ಟ್ಯಾನ್ಲಿಯು 1844ರಲ್ಲಿ ಬರೆದ ಜೀವನಚರಿತ್ರೆಯ ಪ್ರಕಾರ, ಹೇಳಿದುದನ್ನು ನಂಬಿಯೇ ಬಿಡುವ ಇಂಥವನಿಗೆ ಸುಳ್ಳು ಹೇಳುವುದು ನಾಚಿಕೆಗೇಡೆಂಬ ಭಾವನೆ ಕ್ರಮೇಣ ಹುಡುಗರಲ್ಲಿಯೇ ನೆಲೆಗೊಂಡಿತು. ಹುಸಿಗೆ ಆಸರೆಯಾಗಿದ್ದ ಬಳಗದ ಮಾನವೇ ಇಲ್ಲಿ ಸತ್ಯಕ್ಕೆ ಕಾವಲಾಯಿತು.

ಭಾರತದಲ್ಲಿ ಇದಕ್ಕೆ ಸಂವಾದಿಯಾದ ಪ್ರಸಂಗವೊಂದು ಗಾಂಧೀಜಿಯವರ ಆತ್ಮಕಥೆಯಲ್ಲಿದೆ. ರಾಜಕೋಟೆಯ ಪ್ರೌಢಶಾಲೆಯಲ್ಲಿ ಅವರ ಮೊದಲ ವರ್ಷ. ಗೈಲ್ಸ್ ಎಂಬ ವಿದ್ಯಾಧಿಕಾರಿ ತನಿಖೆಗೆ ಬಂದು ಐದು ಇಂಗ್ಲಿಷ್ ಪದಗಳನ್ನು ಬರೆಸಿದರು. ಅವುಗಳಲ್ಲೊಂದಾದ ‘ಕೆಟಲ್’ ಎಂಬುದನ್ನು ಬಾಲಕ ಮೋಹನದಾಸನು ತಪ್ಪಾಗಿ ಬರೆದನು. ಪಕ್ಕದವನ ಹಲಗೆಯನ್ನು ನೋಡಿ ತಿದ್ದಿಕೊಳ್ಳುವಂತೆ ಉಪಾಧ್ಯಾಯರೇ ಬೂಟಿನ ತುದಿಯಿಂದ ಸನ್ನೆ ಮಾಡಿದರು. ತರಗತಿಯ ಹೆಸರು ಕೆಡದಿರಲೆಂಬುದು ಅವರ ಬಯಕೆಯಾಗಿದ್ದೀತು. ಬಾಲಕನಿಗೆ ಆ ಸನ್ನೆಯ ಅರ್ಥವೇ ಆಗಲಿಲ್ಲ. ಉಪಾಧ್ಯಾಯರು ನಿಂತಿರುವುದು ನಕಲು ತಡೆಯುವುದಕ್ಕೆಂದು ಅವನ ಎಣಿಕೆ. ಉಳಿದವರೆಲ್ಲರ ಬರವಣಿಗೆ ಸರಿಯಿತ್ತು, ಅವನೊಬ್ಬನದೇ ತಪ್ಪು. ಆಮೇಲೆ ಉಪಾಧ್ಯಾಯರು ಅವನ ದಡ್ಡತನವನ್ನು ಮನಗಾಣಿಸಲು ಯತ್ನಿಸಿದರೂ ಪ್ರಯೋಜನವಾಗಲಿಲ್ಲ.

ಈ ಪ್ರಸಂಗದಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ಬಾಲಕನ ಸತ್ಯನಿಷ್ಠೆ. ಆದರೆ ಬಳಗದ ಮಾನಕ್ಕಾಗಿ ವಂಚಿಸಬಹುದೆಂಬ ಪಾಠವನ್ನು ಅಂದು ಬೋಧಿಸಿದವರು ಹಿರಿಯರು ಎಂಬುದೂ ಅಷ್ಟೇ ಮುಖ್ಯ. ಅದೇ ಬಾಲಕನ ಮನಸ್ಸನ್ನು ಆ ದಿನಗಳಲ್ಲಿ ಸೆರೆಹಿಡಿದುದು ತಂದೆಯ ಅನುಮತಿ ಪಡೆದು ನೋಡಿದ ಹರಿಶ್ಚಂದ್ರ ನಾಟಕ. ರಾಘವಾಂಕನು ಕನ್ನಡಕ್ಕೆ ಕೊಟ್ಟ ಕಥಾವಸ್ತುವೇ ಗುಜರಾತಿನ ರಂಗಭೂಮಿಯಲ್ಲಿ ಆ ಎಳೆಯ ಮನಸ್ಸನ್ನು ತಿದ್ದುತ್ತಿತ್ತು.

ಶಾಸ್ತ್ರೀಯ ಅಧ್ಯಯನದ ಆರಂಭ

ಮಕ್ಕಳ ಹುಸಿಯನ್ನು ದಂಡನೀಯ ದೋಷವೆಂದು ಮಾತ್ರ ಕಾಣದೆ ಅಧ್ಯಯನದ ವಿಷಯವಾಗಿ ಎತ್ತಿಕೊಂಡವರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ ಮೊದಲಿಗರಲ್ಲೊಬ್ಬ. ಶಿಕ್ಷಕಿಯರ ನೆರವಿನಿಂದ ನಗರದ ಮಕ್ಕಳನ್ನು ವಿಚಾರಿಸಿ ಅವನು 1890ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮಕ್ಕಳ ಹುಸಿಯನ್ನು ಹಲವು ವರ್ಗಗಳಾಗಿ ವಿಂಗಡಿಸಿದನು. ಆಟದ ಕಲ್ಪನೆ, ಸ್ವಾರ್ಥ, ಅಂಜಿಕೆಗಳಿಂದ ಹುಟ್ಟುವ ಹುಸಿಗಳ ಜೊತೆಗೆ ಗೆಳೆಯನನ್ನು ಉಳಿಸಲು ಆಡುವ ವೀರೋಚಿತವೆನಿಸಿದ ಹುಸಿಯನ್ನೂ ಅವನು ಗುರುತಿಸಿದನು. ಮಿತ್ರರಿಗೆ ದಿಟ, ಶತ್ರುಗಳಿಗೆ ಸುಳ್ಳು ಎಂಬ ಅಲಿಖಿತ ನಿಯಮವೊಂದು ಮಕ್ಕಳಲ್ಲಿ ವ್ಯಾಪಕವಾಗಿದೆಯೆಂಬುದು ಅವನ ಗ್ರಹಿಕೆ. ಸತ್ಯವು ಎಲ್ಲರಿಗೂ ಸಲ್ಲಬೇಕಾದುದೆಂಬ ತಿಳಿವಿಗಿಂತ ಮೊದಲು, ಅದು ನಮ್ಮವರಿಗೆ ಸಲ್ಲಬೇಕಾದುದೆಂಬ ತಿಳಿವು ಮೂಡುತ್ತದೆಂದು ಇದರ ತಾತ್ಪರ್ಯ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮನು ಈ ಬಳಗಪ್ರೀತಿಗೆ ನೀತಿಯಲ್ಲಿಯೇ ಸ್ಥಾನ ಕೊಟ್ಟನು. ನೈತಿಕ ಶಿಕ್ಷಣವನ್ನು ಕುರಿತ ಅವನ ಉಪನ್ಯಾಸಗಳು ಅವನ ಮರಣಾನಂತರ 1925ರಲ್ಲಿ ಗ್ರಂಥರೂಪದಲ್ಲಿ ಬಂದುವು. ಶಿಸ್ತು, ಬಳಗದ ಮೇಲಣ ಅನುರಕ್ತಿ, ಸ್ವಾಧೀನಬುದ್ಧಿ ಎಂಬ ಮೂರು ಅಂಗಗಳಿಂದ ನೀತಿ ಕೂಡಿದೆಯೆಂದು ಅವನ ಮತ. ಈ ದೃಷ್ಟಿಯಿಂದ ನೋಡಿದರೆ ಗೆಳೆಯನಿಗಾಗಿ ಸುಳ್ಳಾಡಿದ ಬಾಲಕನು ನೀತಿಯ ಒಂದಂಗವನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆದುಕೊಂಡವನೇ ಹೊರತು ನೀತಿಹೀನನಲ್ಲ.

ಕೊಲಂಬಿಯ ವಿಶ್ವವಿದ್ಯಾಲಯದ ಅಧ್ಯಾಪಕ ಶಿಕ್ಷಣ ಕೇಂದ್ರದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ವಿದ್ವಾಂಸರು 1924ರಿಂದ ಐದು ವರ್ಷ ಕೈಗೊಂಡ ಸಂಶೋಧನೆ ಗಾತ್ರದಲ್ಲಿ ಅದುವರೆಗೆ ಕಂಡರಿಯದುದು. ವಂಚನೆಯನ್ನು ಕುರಿತ ಅದರ ಮೊದಲ ಸಂಪುಟ 1928ರಲ್ಲಿ ಹೊರಬಂದಿತು. ಎಂಟರಿಂದ ಹದಿನಾರು ವರ್ಷದ ಸುಮಾರು 11,000 ಮಕ್ಕಳಿಗೆ ವಂಚಿಸುವ ಅವಕಾಶವನ್ನು ಅವರ ಅರಿವಿಲ್ಲದೆ ಒದಗಿಸಿ ಪರೀಕ್ಷಿಸಲಾಗಿತ್ತು. ಉದಾಹರಣೆಗೆ, ಉತ್ತರಪತ್ರಿಕೆಗಳನ್ನು ಗುಟ್ಟಾಗಿ ಪ್ರತಿಮಾಡಿಕೊಂಡು ಬಳಿಕ ಅವುಗಳಿಗೆ ಮಕ್ಕಳೇ ಅಂಕ ಹಾಕಿಕೊಳ್ಳುವಂತೆ ಬಿಡುತ್ತಿದ್ದರು. ಒಂದು ಸಂದರ್ಭದಲ್ಲಿ ಪ್ರಾಮಾಣಿಕನಾದ ಬಾಲಕನು ಇನ್ನೊಂದರಲ್ಲಿಯೂ ಹಾಗೆಯೇ ಇರುವನೆಂಬ ಭರವಸೆಯಿಲ್ಲವೆಂದು ಅವರ ಫಲಿತಾಂಶ ತೋರಿಸಿತು. ಒಂದೇ ತರಗತಿಯ ಮಕ್ಕಳ ನಡೆವಳಿಕೆಯಲ್ಲಿ ಎದ್ದು ಕಾಣುವ ಹೋಲಿಕೆಯಿತ್ತು. ವಂಚನೆಯೂ ಪ್ರಾಮಾಣಿಕತೆಯೂ ಬಳಗದ ರೂಢಿಯಾಗಿ ಹರಡುತ್ತಿದ್ದುವು. ಪ್ರಾಮಾಣಿಕರಾಗಿರಿ ಎಂಬ ಬರಿಯ ಉಪದೇಶದಿಂದ ನಡತೆ ಬದಲಾಗುವುದೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಗುರುಶಿಷ್ಯರ ನಡುವೆ ಸೌಹಾರ್ದ ಸಹಕಾರಗಳಿದ್ದಲ್ಲಿ ವಂಚನೆ ಕಡಿಮೆಯಿತ್ತು.

ಜಿನೀವದ ಇಬ್ಬರು ಅಣ್ಣತಮ್ಮಂದಿರು

ಈ ಅಧ್ಯಯನಕ್ಕೆ ಹೊಸ ತಿರುವು ಕೊಟ್ಟವನು ಸ್ವಿಟ್ಸರ್ಲೆಂಡಿನ ಜೀನ್ ಪಿಯಾಜೆ (1896–1980). ಜಿನೀವದ ರೂಸೋ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅವನು ಮಕ್ಕಳ ನೈತಿಕ ವಿವೇಚನೆಯನ್ನು ಕುರಿತ ತನ್ನ ಗ್ರಂಥವನ್ನು 1932ರಲ್ಲಿ ಪ್ರಕಟಿಸಿದನು. ಅವನ ವಿಧಾನ ಸರಳ. ಮಕ್ಕಳೊಡನೆ ಗೋಲಿಯಾಡುತ್ತ, ಪುಟ್ಟ ಕಥೆಗಳನ್ನು ಹೇಳುತ್ತ, ಇದು ಸರಿಯೇ, ಏಕೆ ಎಂದು ಕೇಳುವುದು. ಮಕ್ಕಳು ಏನು ಮಾಡುವರೆಂಬುದಕ್ಕಿಂತ ಹೇಗೆ ತೂಗುವರೆಂಬುದು ಅವನ ಪ್ರಶ್ನೆ.

ನಾಯಿಯೊಂದನ್ನು ಕಂಡು ಹೆದರಿದ ಹುಡುಗ ಅದು ಹಸುವಿನಷ್ಟು ದೊಡ್ಡದೆಂದು ತಾಯಿಗೆ ಹೇಳುತ್ತಾನೆ. ಇನ್ನೊಬ್ಬ ಹುಡುಗ ತನಗೆ ಶಾಲೆಯಲ್ಲಿ ಒಳ್ಳೆಯ ಅಂಕಗಳು ಬಂದುವೆಂದು ಹುಸಿ ನುಡಿದು ಬಹುಮಾನ ಪಡೆಯುತ್ತಾನೆ. ಇಬ್ಬರಲ್ಲಿ ಹೆಚ್ಚು ಕೆಟ್ಟವನು ಯಾರು? ಅಷ್ಟು ದೊಡ್ಡ ನಾಯಿ ಇರುವುದೇ ಇಲ್ಲವಾದ್ದರಿಂದ ಮೊದಲನೆಯವನೇ ಕೆಟ್ಟವನೆಂದು ಕಿರಿಯ ಮಕ್ಕಳ ತೀರ್ಪು. ಮೋಸಗೊಳಿಸುವ ಉದ್ದೇಶವಿದ್ದವನು ಎರಡನೆಯವನೆಂದು ಹಿರಿಯ ಮಕ್ಕಳ ತೀರ್ಪು. ಎಳೆಯರು ನುಡಿಯನ್ನು ಅದರ ಹೊರಗಿನ ಅಳತೆಯಿಂದಲೂ ಬೆಳೆದವರು ಒಳಗಿನ ಭಾವದಿಂದಲೂ ಅಳೆಯುತ್ತಾರೆಂಬುದು ಪಿಯಾಜೆಯ ನಿರ್ಣಯ. ಕಿರಿಯರ ಕಣ್ಣಿನಲ್ಲಿ ಹಿರಿಯರಿಗೆ ಸುಳ್ಳು ಹೇಳುವುದು ಮಹಾಪರಾಧ, ತಮ್ಮತಮ್ಮಲ್ಲಿ ಹೇಳುವುದು ಅಷ್ಟು ದೊಡ್ಡದಲ್ಲ. ದೊಡ್ಡವರಾದಂತೆ ಗೆಳೆಯರಿಗೆ ಹೇಳುವ ಸುಳ್ಳೂ ಅಷ್ಟೇ ಕೆಟ್ಟದಾಗಿ ತೋರುತ್ತದೆ.

ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು ಅವನು ಹೇಳುತ್ತಿದ್ದ ಅಣ್ಣತಮ್ಮಂದಿರ ಕಥೆ. ಒಬ್ಬ ತಂದೆಗೆ ಇಬ್ಬರು ಮಕ್ಕಳು. ಒಬ್ಬನು ವಿಧೇಯ, ಇನ್ನೊಬ್ಬನು ಒಳ್ಳೆಯವನೇ ಆದರೂ ತುಂಟ. ತಂದೆ ಪಯಣ ಹೊರಡುವಾಗ ಮೊದಲನೆಯವನನ್ನು ಕರೆದು, ಸೋದರನ ಮೇಲೆ ಕಣ್ಣಿಟ್ಟಿದ್ದು ತಾನು ಬಂದ ಮೇಲೆ ಎಲ್ಲವನ್ನೂ ವರದಿ ಮಾಡಬೇಕೆಂದು ಹೇಳಿ ಹೋಗುತ್ತಾನೆ. ತುಂಟನು ಏನನ್ನೋ ಮಾಡುತ್ತಾನೆ. ತಂದೆ ಮರಳಿ ಬಂದು ಕೇಳಿದಾಗ ಆ ಹುಡುಗ ಏನು ಮಾಡಬೇಕು? ಆರೇಳು ವರ್ಷದವರಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಂಬತ್ತು ಮಂದಿ, ತಂದೆಗೆ ಎಲ್ಲವನ್ನೂ ಹೇಳಬೇಕೆಂದರು. ಎಂಟು ವರ್ಷ ದಾಟಿದವರಲ್ಲಿ ಹೆಚ್ಚಿನವರು ಏನನ್ನೂ ಹೇಳಬಾರದೆಂದರು. ಸೋದರನಿಗೆ ದ್ರೋಹ ಬಗೆಯುವುದಕ್ಕಿಂತ ಸುಳ್ಳು ಹೇಳುವುದೇ ಮೇಲೆಂದು ಹೇಳಿದವರೂ ಅವರಲ್ಲಿದ್ದರು.

ಈ ಉತ್ತರಗಳು ಶಿಕ್ಷಣದ ಒಂದು ಹಳೆಯ ನಂಬಿಕೆಯನ್ನು ಅಲುಗಿಸಿದುವು. ಮಗು ಬೆಳೆದಂತೆ ಸತ್ಯವಂತನಾಗುತ್ತಾನೆಂದು ಆ ನಂಬಿಕೆ. ಇಲ್ಲಿಯಾದರೋ ಹಿರಿಯರ ಮುಂದೆ ಎಲ್ಲವನ್ನೂ ಒಪ್ಪಿಸುತ್ತಿದ್ದ ಮಗು ಬೆಳೆದಂತೆ ಮುಚ್ಚಿಡಲು ಕಲಿಯಿತು. ಪಿಯಾಜೆ ಇದನ್ನು ಅವನತಿಯೆಂದು ಬಗೆಯಲಿಲ್ಲ. ಕಿರಿಯ ಮಗುವಿನ ಸತ್ಯವು ಅಧಿಕಾರಕ್ಕೆ ಮಣಿದ ಸತ್ಯ. ಸಮಾನರ ನಡುವಣ ಪರಸ್ಪರ ಗೌರವದಿಂದ ಹುಟ್ಟಿದುದು ಹಿರಿಯ ಮಗುವಿನ ಮೌನ. ಆ ಪರಸ್ಪರ ಗೌರವದಿಂದಲೇ ಸ್ವತಂತ್ರವಾದ ನ್ಯಾಯಬುದ್ಧಿ ಹೊಮ್ಮಬೇಕೆಂದು ಅವನ ವಾದ. ತಪ್ಪು ತಂದೆಯದೂ ಹೌದೆಂಬುದನ್ನು ಈ ಕಥೆಯಿಂದ ಗ್ರಹಿಸಬಹುದು: ಒಬ್ಬ ಮಗನನ್ನು ಇನ್ನೊಬ್ಬನ ಮೇಲೆ ಗೂಢಚಾರನನ್ನಾಗಿ ನೇಮಿಸಿ ಬಂದ ಮೇಲೆ ಆ ಮಗನಿಗೆ ಉಳಿಯುವ ದಾರಿಗಳು ದ್ರೋಹ, ಹುಸಿ ಇವೆರಡೇ.

ಗೂಢಚಾರ ಬಾಲಕನ ವಿಗ್ರಹ

ಪಿಯಾಜೆಯ ಗ್ರಂಥ ಪ್ರಕಟವಾದ 1932ರಲ್ಲಿಯೇ ಸೋವಿಯತ್ ರಷ್ಯದಲ್ಲಿ ಈ ಕಥೆಯ ದಾರುಣವಾದ ಪ್ರತಿರೂಪವೊಂದು ನಡೆಯಿತು. ಉರಲ್ ಪ್ರಾಂತ್ಯದ ಗೆರಾಸಿಮೋವ್ಕ ಎಂಬ ಹಳ್ಳಿಯಲ್ಲಿ ಪಾವ್ಲಿಕ್ ಮೊರೊಜೊವ್ ಎಂಬ ಬಾಲಕನೂ ಅವನ ತಮ್ಮನೂ ಆ ಸೆಪ್ಟೆಂಬರಿನಲ್ಲಿ ಕೊಲೆಯಾದರು. ಬಂಧುಗಳೇ ಅಪರಾಧಿಗಳೆಂದು ತೀರ್ಪಾಯಿತು. ತಂದೆಯ ಅಕ್ರಮವನ್ನು ಸರ್ಕಾರಕ್ಕೆ ತಿಳಿಸಿದ ವೀರನೆಂದು ಸರ್ಕಾರ ಪಾವ್ಲಿಕನನ್ನು ಕೊಂಡಾಡಿತು. ಅವನ ವಿಗ್ರಹಗಳು ಎದ್ದುವು. ಶಾಲಾಮಕ್ಕಳಿಗೆ ಅವನು ಆದರ್ಶನಾದನು. ಹಲವು ದಶಕಗಳ ಮೇಲೆ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಆ ಕಥೆಯ ಹೆಚ್ಚಿನ ಅಂಶ ಪ್ರಚಾರಕ್ಕಾಗಿ ಕಟ್ಟಿದುದೆಂದು ಕಂಡುಬಂದಿತು. ನಿಜ ಹೇಳಿದವನೆಂದು ಮೆರೆಸಿದ ಬಾಲಕನ ಚರಿತ್ರೆಯೇ ಹುಸಿಗಳಿಂದ ತುಂಬಿತ್ತು. ಸಣ್ಣ ಬಳಗದ ನಿಷ್ಠೆಯನ್ನು ಮುರಿದು ದೊಡ್ಡ ಬಳಗದ ನಿಷ್ಠೆಯನ್ನು ಹೇರುವುದಕ್ಕೂ ಸತ್ಯವನ್ನು ಬೆಳೆಸುವುದಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇಪ್ಪತ್ತನೆಯ ಶತಮಾನ ಕೊಟ್ಟ ನಿದರ್ಶನಗಳಲ್ಲಿ ಇದೂ ಒಂದು.

ಪೂರ್ವ ಪಶ್ಚಿಮಗಳ ಹೋಲಿಕೆ

ಪಿಯಾಜೆಯ ಮಕ್ಕಳು ಜಿನೀವ, ನ್ಯೂಷಾಟೆಲ್ ಊರುಗಳವರು. ಬೇರೆ ಸಂಸ್ಕೃತಿಗಳಲ್ಲಿಯೂ ಹೀಗೆಯೇ ಇರುವುದೇ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಕೊನೆಗೆ ಮುಂದೆ ಬಂದಿತು. ಚೀನ ಮೂಲದ ಕಾಂಗ್ ಲೀ, ಚೀನದ ಗೆನ್ಯೂಯೆ ಫೂ ಮೊದಲಾದ ವಿದ್ವಾಂಸರು ಚೀನ, ಕೆನಡಗಳ ಏಳು, ಒಂಬತ್ತು, ಹನ್ನೊಂದು ವರ್ಷದ ಮಕ್ಕಳನ್ನು ಹೋಲಿಸಿ 1997ರಲ್ಲಿ ಒಂದು ಲೇಖನ ಪ್ರಕಟಿಸಿದರು. ತಪ್ಪನ್ನು ಮುಚ್ಚಿಡುವ ಹುಸಿಯನ್ನು ಎರಡೂ ನಾಡಿನ ಮಕ್ಕಳು ಖಂಡಿಸಿದರು. ತಾನು ಮಾಡಿದ ಒಳ್ಳೆಯ ಕೆಲಸವನ್ನು ತಾನು ಮಾಡಲಿಲ್ಲವೆಂದು ಹೇಳಿಕೊಳ್ಳುವ ವಿನಯದ ಹುಸಿಯನ್ನಾದರೋ ಚೀನದ ಮಕ್ಕಳು ವಯಸ್ಸು ಏರಿದಂತೆ ಮೆಚ್ಚತೊಡಗಿದರು. ಕೆನಡದ ಮಕ್ಕಳಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಬಳಗವನ್ನೂ ಗೆಳೆಯನನ್ನೂ ಎದುರುಬದುರು ನಿಲ್ಲಿಸಿದ ಕಥೆಗಳನ್ನು ಅದೇ ಪಂಥದ ಸಂಶೋಧಕರು 2007ರಲ್ಲಿ ಬಳಸಿದರು. ಗೆಳೆಯನಿಗೆ ಕೇಡಾದರೂ ಬಳಗಕ್ಕೆ ಒಳಿತಾಗುವ ಸುಳ್ಳನ್ನು ಚೀನದ ಮಕ್ಕಳು ಆಯ್ದುಕೊಂಡರು. ಬಳಗಕ್ಕೆ ಕೇಡಾದರೂ ಗೆಳೆಯನಿಗೆ ಒಳಿತಾಗುವ ಸುಳ್ಳು ಕೆನಡದ ಮಕ್ಕಳ ಆಯ್ಕೆಯಾಯಿತು. ಬಳಗದ ಹಿತಕ್ಕೆಂದು ಆಡುವ ಇಂಥ ಸುಳ್ಳಿಗೆ ವಿದ್ವಾಂಸರು ‘ನೀಲಿ ಸುಳ್ಳು’ ಎಂಬ ಹೆಸರಿಟ್ಟಿದ್ದಾರೆ. ಪೊಲೀಸರು ತಮ್ಮ ಇಲಾಖೆಯ ಮಾನವುಳಿಸಲು ಆಡುವ ಸುಳ್ಳಿಗೆ ಅವರ ನೀಲಿ ಸಮವಸ್ತ್ರದಿಂದಾಗಿ ಬಂದ ಹೆಸರಿದು.

ಕಥೆಯಲ್ಲಿ ಹೇಳಿದುದನ್ನೇ ಮಕ್ಕಳು ನಿಜಜೀವನದಲ್ಲಿಯೂ ಮಾಡುವರೇ? 2008ರ ಅಧ್ಯಯನ ಈ ಪ್ರಶ್ನೆಗೆ ಉತ್ತರಿಸಿತು. ಚೀನದ ಶಾಲಾಮಕ್ಕಳನ್ನು ಅವರಿಗೆ ತಿಳಿಯದಂತೆ ಒಂದು ನೈಜ ಸನ್ನಿವೇಶದಲ್ಲಿ ನಿಲ್ಲಿಸಿ, ಅವರ ಬಳಗ ಮಾಡಿದ ಮೋಸವನ್ನು ಕುರಿತು ವಿಚಾರಿಸಲಾಯಿತು. ಏಳು ವರ್ಷದವರಿಗಿಂತ ಒಂಬತ್ತರವರೂ, ಅವರಿಗಿಂತ ಹನ್ನೊಂದರವರೂ ಬಳಗಕ್ಕಾಗಿ ಸುಳ್ಳಾಡುವ ಕಡೆಗೆ ಹೆಚ್ಚು ವಾಲಿದರು. ಕಥೆಗಳಲ್ಲಿ ಅಂಥ ಸುಳ್ಳನ್ನು ಸಮರ್ಥಿಸಿದ ಮಕ್ಕಳೇ ನಿಜ ಸನ್ನಿವೇಶದಲ್ಲಿಯೂ ಹೆಚ್ಚಾಗಿ ಸುಳ್ಳಾಡಿದರು. ಜಿನೀವದ ಮಕ್ಕಳ ಉತ್ತರಗಳಲ್ಲಿ ಪಿಯಾಜೆ ಕಂಡ ದಿಕ್ಕೇ ಇಲ್ಲಿ ಮಕ್ಕಳ ನಡೆಯಲ್ಲಿಯೂ ಕಂಡಿತು.

ಇಷ್ಟರಿಂದ ಪೂರ್ವದೇಶಗಳವರು ಬಳಗಕ್ಕಾಗಿ ಹುಸಿಯನ್ನು ಒಪ್ಪುವವರು, ಪಶ್ಚಿಮದವರು ಒಪ್ಪದವರು ಎಂದು ಗೆರೆ ಎಳೆಯುವುದು ಆತುರದ ಮಾತಾದೀತು. ಅಮೆರಿಕ, ಚೀನಗಳ 374 ಮಕ್ಕಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವು ಈ ಗೆರೆಯನ್ನೇ ಅಳಿಸಿತು. ಬಳಗವೇ ಎಸಗಿದ ತಪ್ಪನ್ನು ಮುಚ್ಚಿಡಲು ಆಡಿದ ಸುಳ್ಳನ್ನು ಅಮೆರಿಕದ ಮಕ್ಕಳಿಗಿಂತ ಚೀನದ ಮಕ್ಕಳೇ ಹೆಚ್ಚು ನಿಕೃಷ್ಟವೆಂದು ಎಣಿಸಿದರು. ಕಥೆಯ ಪಾತ್ರ ಏಕೆ ಸುಳ್ಳಾಡಿತೆಂದು ಕೇಳಿದಾಗ ಎರಡೂ ನಾಡಿನ ಮಕ್ಕಳು ಬಳಗದ ಹಿತಕ್ಕಿಂತ ಮಿಗಿಲಾಗಿ ಆ ಪಾತ್ರಕ್ಕೇ ಒದಗುವ ಒಳಿತು ಕೆಡುಕುಗಳನ್ನು ಮುಂದಿಟ್ಟರು. ಬಳಗನಿಷ್ಠೆಯ ವೇಷದೊಳಗೆ ಸ್ವಾರ್ಥ ಅವಿತಿರಬಲ್ಲುದೆಂಬುದನ್ನು ಈ ಮಕ್ಕಳು ಕಂಡಿದ್ದರು. ಬಳಗದ ಒಳಿತು, ಬಳಗದ ಕೇಡು ಎರಡನ್ನೂ ಒಂದೇ ತಕ್ಕಡಿಯಲ್ಲಿಡದ ವಿವೇಕ ಎಳೆಯ ವಯಸ್ಸಿನಲ್ಲಿಯೇ ಇರುತ್ತದೆಂಬುದು ಇದರಿಂದ ಸ್ಪಷ್ಟ.

ಐದರ ಎಳವೆಯಲ್ಲಿಯೇ

ಈ ನಿಷ್ಠೆಯ ಬೇರು ಎಷ್ಟು ಆಳದಲ್ಲಿದೆಯೆಂಬುದನ್ನು ಜರ್ಮನಿಯ ಮಕ್ಕಳೊಡನೆ ಮಿಷ್, ಓವರ್, ಕಾರ್ಪೆಂಟರ್ ಮೊದಲಾದವರು ನಡೆಸಿದ ಪ್ರಯೋಗಗಳು ತೋರಿಸಿವೆ. ಸೋಲುವ ಬಳಗವನ್ನು ಬಿಡದೆ ನಿಂತವನನ್ನೂ ಬಿಟ್ಟು ಗೆಲ್ಲುವ ಕಡೆಗೆ ಹಾರಿದವನನ್ನೂ ಹೋಲಿಸಿದಾಗ, ಐದು ವರ್ಷದವರು ನಿಂತವನನ್ನೇ ಒಳ್ಳೆಯವನು, ನಂಬತಕ್ಕವನು ಎಂದು ಮೆಚ್ಚಿದರೆಂಬುದು 2014ರ ವರದಿ. ತಮ್ಮ ಬಳಗದ ಗುಟ್ಟನ್ನು ಹೇಳಿದರೆ ಕಾಣಿಕೆ ಕೊಡುವೆವೆಂದು ಆಸೆ ತೋರಿಸಿದರೂ ಆ ವಯಸ್ಸಿನ ಮಕ್ಕಳು ಗುಟ್ಟನ್ನು ಉಳಿಸಿಕೊಂಡುದನ್ನು 2016ರ ಲೇಖನ ತಿಳಿಸುತ್ತದೆ.

ಇವೆಲ್ಲಕ್ಕಿಂತ ಯೋಚನೆಗೆ ಹಚ್ಚುವುದು 2018ರಲ್ಲಿ ಪ್ರಕಟವಾದ ಪ್ರಯೋಗ. ಗೊಂಬೆಗಳ ಮೂಲಕ ತಮ್ಮ ಬಳಗದವರೂ ಎದುರು ಬಳಗದವರೂ ತಪ್ಪೆಸಗುವುದನ್ನು ಐದು ವರ್ಷದ 96 ಮಕ್ಕಳಿಗೆ ತೋರಿಸಲಾಯಿತು. ತಪ್ಪು ಸಣ್ಣದಿದ್ದಾಗ ಮಕ್ಕಳು ತಮ್ಮವರದನ್ನೂ ಎದುರಿನವರದನ್ನೂ ಒಂದೇ ಸಮನಾಗಿ ಹಿರಿಯರಿಗೆ ತಿಳಿಸಿದರು. ತಪ್ಪು ಘೋರವಾದಾಗ ಎದುರಿನವರದನ್ನು ತಿಳಿಸಿದಷ್ಟು ತಮ್ಮವರದನ್ನು ತಿಳಿಸಲಿಲ್ಲ. ಸತ್ಯದ ಅಗತ್ಯ ಯಾವಾಗ ಹೆಚ್ಚೋ ಆಗಲೇ ಬಾಯಿಗಳು ಮುಚ್ಚಿಕೊಂಡುವು. ದೊಡ್ಡ ಸಂಸ್ಥೆಗಳಲ್ಲಿ, ಪಕ್ಷಗಳಲ್ಲಿ, ಧರ್ಮಪೀಠಗಳಲ್ಲಿ ಸಣ್ಣ ಲೋಪಗಳು ಬಯಲಾಗಿ ಘೋರವಾದುವು ವರ್ಷಗಟ್ಟಲೆ ಅಡಗಿರುವುದನ್ನು ಕಂಡವರಿಗೆ ಈ ಎಳೆಯರ ನಡೆ ಅಪರಿಚಿತವೆನಿಸದು. ಇಂಥ ಮೌನದಿಂದ ನೋವುಣ್ಣುವವರು ಬಹುಪಾಲು ದುರ್ಬಲರು. ಅವರಲ್ಲಿ ಮಕ್ಕಳೇ ಮೊದಲಿಗರು.

ಶರಣರ ದಾರಿ

ಹಾಗಾದರೆ ಹಿರಿಯರು ಮಾಡಬೇಕಾದುದೇನು? ಈ ಇತಿಹಾಸದಿಂದ ಕೆಲವು ಮಾತುಗಳು ಸ್ಥಿರಪಡುತ್ತವೆ. ಬಳಗಕ್ಕಾಗಿ ಹುಸಿ ನುಡಿಯುವ ಮಗು ನೀತಿಯ ಅರಿವಿಲ್ಲದ ಮಗುವಲ್ಲ. ಹಲವೊಮ್ಮೆ ಸ್ನೇಹದ ಬೆಲೆಯನ್ನು ಅರಿತು, ಸತ್ಯದ ಬೆಲೆಯನ್ನು ಅದರೊಡನೆ ಹೊಂದಿಸಲಾರದೆ ನಿಂತ ಮಗು ಅದು. ಮಕ್ಕಳಲ್ಲಿ ಚಾಡಿಕೋರರನ್ನು ನೇಮಿಸಿ ಆ ಸ್ನೇಹವನ್ನು ಒಡೆಯುವುದರಿಂದ ಸತ್ಯ ಬೆಳೆಯದು. ತಪ್ಪು ಒಪ್ಪಿಕೊಳ್ಳದಿದ್ದರೆ ಇಡೀ ತರಗತಿಗೆ ಶಿಕ್ಷೆಯೆಂದು ಬೆದರಿಸಿದರೆ ಬಳಗ ಇನ್ನಷ್ಟು ಬಿಗಿಯಾಗಿ ಹುಸಿಯ ಸುತ್ತ ಕೂಡಿಕೊಳ್ಳುತ್ತದೆ. ಹಿರಿಯರೇ ಸಂಸ್ಥೆಯ ಹೆಸರಿಗೆಂದು ತನಿಖೆಯ ದಿನ ಬೂಟಿನಿಂದ ಸನ್ನೆ ಮಾಡುವವರಾದರೆ ಉಪದೇಶಕ್ಕೆ ಬೆಲೆಯಿರದು.

ಹೇಳುವ ಕಥೆಗಳಲ್ಲಿಯೂ ವಿವೇಚನೆ ಬೇಕು. ಮೂರರಿಂದ ಏಳು ವರ್ಷದ ಮಕ್ಕಳಿಗೆ ಪ್ರಸಿದ್ಧ ನೀತಿಕಥೆಗಳನ್ನು ಹೇಳಿ ಅವುಗಳ ಪರಿಣಾಮವನ್ನು ಪರೀಕ್ಷಿಸಿದ ಕಾಂಗ್ ಲೀ ಮೊದಲಾದವರ ಅಧ್ಯಯನ 2014ರಲ್ಲಿ ಹೊರಬಂದಿತು. ಸುಳ್ಳಾಡಿದವನಿಗೆ ಶಿಕ್ಷೆಯಾಗುವ ಪಿನೋಕಿಯೊ ಕಥೆ, ತೋಳ ಬಂತೆಂದು ಕೂಗಿದ ಹುಡುಗನ ಕಥೆಗಳಿಂದ ಮಕ್ಕಳ ಸತ್ಯ ಹೆಚ್ಚಲಿಲ್ಲ. ತಪ್ಪೊಪ್ಪಿಕೊಂಡ ಬಾಲಕ ವಾಷಿಂಗ್‌ಟನ್ನನನ್ನು ತಂದೆ ಮೆಚ್ಚಿಕೊಳ್ಳುವ ಕಥೆಯಿಂದ ಹೆಚ್ಚಿತು. ಭಯ ಹುಟ್ಟಿಸುವ ಕಥೆಗಿಂತ ಸತ್ಯವನ್ನು ಗೌರವಿಸುವ ಕಥೆಗೆ ಶಕ್ತಿ ಹೆಚ್ಚು. ಕೊಟ್ಟ ಮಾತಿನಂತೆ ಮರಳಿ ಬಂದ ಪುಣ್ಯಕೋಟಿಯ ಮುಂದೆ ಹುಲಿಯೇ ಕರಗಿದ ಕಥೆಯನ್ನು ತಲೆಮಾರುಗಳಿಂದ ಕೇಳಿ ಬೆಳೆದ ಕನ್ನಡ ಮಕ್ಕಳ ವಿಷಯದಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದ್ರೋಹವೂ ಆಗದ, ಹುಸಿಯೂ ಆಗದ ಮೂರನೆಯ ದಾರಿಯೊಂದಿದೆ. ಅದನ್ನು ನಡೆದು ತೋರಿಸಿದವಳು ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ತನ್ನವನೆಂದು ಲಕ್ಕಮ್ಮ ಅದನ್ನು ಮುಚ್ಚಿಡಲಿಲ್ಲ. ಊರಿಗೆಲ್ಲ ದೂರು ಹೇಳಲೂ ಇಲ್ಲ. ಮಾರಯ್ಯನ ಎದುರಿಗೇ ನಿಂತು, ಇದು ಆಸೆಯ ಅಕ್ಕಿ, ಈಶ್ವರನೊಪ್ಪನೆಂದು ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಮಾರಯ್ಯನೂ ಅದನ್ನು ಅವಮಾನವೆಂದು ಬಗೆಯದೆ ಹೊರಟನು. ಶರಣಸಂಗವೆಂಬುದು ಒಬ್ಬರ ತಪ್ಪನ್ನು ಇನ್ನೊಬ್ಬರು ಮರೆಮಾಡುವ ಕೂಟವಾಗಿರಲಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಖಾಮುಖಿ ತಿದ್ದುವ, ತಿದ್ದಿದವರನ್ನು ಗೌರವಿಸುವ ಕೂಟ ಅದು.

ತನ್ನವನಿಗೆ ನೇರವಾಗಿ ಹೇಳುವುದೇ ನಿಷ್ಠೆಯೆಂದು ಮಗು ಕಲಿತರೆ ಸತ್ಯಕ್ಕೂ ಸ್ನೇಹಕ್ಕೂ ಜಗಳ ಕಡಿಮೆಯಾದೀತು. ಗೆಳೆಯನನ್ನು ಕರೆದು, ನೀನೇ ಹೋಗಿ ಒಪ್ಪಿಕೋ, ನಾನೂ ಜೊತೆಗೆ ಬರುತ್ತೇನೆ ಎನ್ನುವ ಹುಡುಗನಿಗೆ ಜಿನೀವದ ತಂದೆ ಒಡ್ಡಿದ ಇಕ್ಕಟ್ಟು ಇರುವುದಿಲ್ಲ. ಆದರೆ ಗೆಳೆಯನು ಕೇಳದಿದ್ದಾಗ, ಇಲ್ಲವೆ ದುರ್ಬಲನಾದವನೊಬ್ಬ ಆ ತಪ್ಪಿನಿಂದ ನರಳುತ್ತಿರುವಾಗ, ಹಿರಿಯರಿಗೆ ತಿಳಿಸುವುದು ಚಾಡಿಯಲ್ಲವೆಂಬುದನ್ನೂ ಮಗುವಿಗೆ ಮುಂಚಿತವಾಗಿಯೇ ಹೇಳಿಕೊಟ್ಟಿರಬೇಕು. ಹಾಗೆ ಹೇಳಿಕೊಟ್ಟ ಹಿರಿಯರು, ಮಗು ಒಂದು ದಿನ ತಮ್ಮ ಬಳಿ ಬಂದು ತಮ್ಮವರದೇ ತಪ್ಪನ್ನು ತಿಳಿಸಿದಾಗ, ಸಂಸ್ಥೆಯ ಮಾನದ ಮಾತೆತ್ತಿ ಅದರ ಬಾಯಿ ಮುಚ್ಚಿಸದೆ ಕೇಳುವ ಧೈರ್ಯವುಳ್ಳವರಾಗಿರಬೇಕು.